ಅರವತ್ತೊಂದು ವೋಟಿನ ಕ್ಯಾಮ್‌ಶಾಫ್ಟ್

ಬ್ರೇಕು ತುಳಿದೆ. ಬ್ರೇಕು ಒಪ್ಪಲಿಲ್ಲ.

ಕಡಲಾಚೆಯ ಕೆನ್ಮೋರ್‌ನಲ್ಲಿ ನಮ್ಮ ಮನೆ ಇರುವುದು ದಿಬ್ಬದ ಮೇಲೆ. ಮನೆ ಮುಂದಿನ ರಸ್ತೆ ಸೀದಾ ಕೆರೆಯ ಕಡೆಗೆ ಇಳಿಯುತ್ತದೆ. (ಅಷ್ಟು ದೊಡ್ಡ ಲೇಕನ್ನು ಕೆರೆ ಅನ್ನುವುದು ನಮ್ಮ ಮನೆಯ ರೂಢಿ. ಕೆರೆಗೂ ಬೇಜಾರಿಲ್ಲ.) ಆ ಇಳಿಜಾರಿನಲ್ಲಿ ನನ್ನ ಹಳೆಯ ಪಿಕಪ್ ಟ್ರಕ್ಕು. ಸ್ಟೀರಿಂಗ್ ಹಿಂದೆ ನಾನು. ಪಕ್ಕದಲ್ಲಿ, ಊರುಗೋಲನ್ನು ಮಡಿಲಲ್ಲಿ ಇಟ್ಟುಕೊಂಡು, ಎಪ್ಪತ್ನಾಲ್ಕು ವರ್ಷದ ಕುಸುಮಾ ಆಂಟಿ.

ವೇಗ ಎಷ್ಟಿತ್ತು ಅಂತೀರಾ? ಗಂಟೆಗೆ ಮೂರೋ ನಾಲ್ಕೋ ಮೈಲಿ. ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಿದ್ದ ಹೆಂಗಸೊಬ್ಬರು ಆಗಷ್ಟೇ ನಮ್ಮನ್ನು ಓವರ್‌ಟೇಕ್ ಮಾಡಿ ಹೋಗಿದ್ದರು. ಅಲ್ಲಿಯವರೆಗೆ ನಾಲ್ಕೈದು ಸಲ ಮೆಲ್ಲಗೆ ಬ್ರೇಕು ಮುಟ್ಟಿದ್ದೆ, ಕೇಳಿತ್ತು. ಆರನೇ ಸಲ ಪೆಡಲು ಕಡಪಾ ಕಲ್ಲಾಗಿಬಿಟ್ಟಿತು. ಎಷ್ಟು ಒತ್ತಿದರೂ ಕೆಳಗಿಳಿಯದು. ಗಾಡಿ ಮಾತ್ರ ನಿಧಾನವಾಗಿ, ಮರ್ಯಾದೆಯಿಂದ, ಎದುರುಮನೆಯ ಕಡೆಗೆ ಇಳಿಯುತ್ತಿದೆ.

"ಎರಡೂ ಕಾಲ್ ಹಾಕೋ ತಮ್ಮಾ. ಗಟ್ಟ್ಯಾಗಿ ಒತ್ತು," ಅಂದರು ಆಂಟಿ. ಇನ್ನೊಂದು ಕಪ್ಪು ಚಹಾ ಬೇಕೇನು ಅಂತ ಕೇಳುವ ದನಿಯಲ್ಲಿ.

ಎರಡೂ ಕಾಲು ಹಾಕಿದೆ. ಸೀಟಿನಿಂದ ಎದ್ದೇ ನಿಂತೆ. ಟ್ರಕ್ಕು ನರಳಿತು, ಎರಡು ಸಲ ಕುಲುಕಿತು, ಎದುರುಮನೆಯ ನೀಲಿ ರಿಸೈಕ್ಲಿಂಗ್ ಡಬ್ಬಕ್ಕೆ ಒಂದು ಮುತ್ತು ಕೊಟ್ಟು ನಿಂತಿತು. ಡಬ್ಬ ಮಗುಚಿ, ಹಾಲಿನ ಕ್ಯಾನುಗಳು ಒಂದೊಂದಾಗಿ ಕೆರೆಯ ಕಡೆ ಉರುಳತೊಡಗಿದವು. ಕಾಫಿ ಮಗ್ ಹಿಡಿದು ಹೊರಗೆ ಬಂದ ಎದುರುಮನೆಯಾತ "ಆರ್ ಯು ಗೈಸ್ ಓಕೆ?" ಅಂದ. "ವಿ ಆರ್ ಟೆಸ್ಟಿಂಗ್," ಅಂದರು ಆಂಟಿ. ಆತ ತಲೆಯಾಡಿಸಿ, ಕ್ಯಾನು ಹಿಡಿಯಲು ಓಡಿದ.

ಬ್ರೇಕಿನ ಪ್ಯಾಡು ಹೊಸದು. ಆಯಿಲ್ ಸರಿಯಾಗಿತ್ತು. ಪೈಪು ಎಲ್ಲೂ ಸೋರುತ್ತಿರಲಿಲ್ಲ. ತಪ್ಪು ಇದ್ದದ್ದು ಒಂದು ನಂಬರಿನಲ್ಲಿ. ಆ ನಂಬರನ್ನು ಆರಿಸಿದ್ದು ನಾನೊಬ್ಬನೇ ಅಲ್ಲ. ಅರವತ್ತೊಂದು ಜನ ಕನ್ನಡಿಗರು, ಪ್ರಜಾಸತ್ತಾತ್ಮಕವಾಗಿ, ಬಹುಮತದಿಂದ ಆರಿಸಿದ್ದು.

ಕಥೆಯನ್ನು ಸ್ವಲ್ಪ ಹಿಂದಕ್ಕೆ ಓಡಿಸುತ್ತೇನೆ. (ರಿವರ್ಸ್ ಗೇರು ಚೆನ್ನಾಗಿದೆ.)

ಈ ಟ್ರಕ್ಕನ್ನು ನಾನು ಕೊಂಡು ಆರು ವರ್ಷವಾಯಿತು. ನನಗಿಂತ ನಾಲ್ಕೇ ವರ್ಷ ಚಿಕ್ಕದು. ಮುಂದೆ ದೊಡ್ಡ ವಿ-ಎಂಟು ಎಂಜಿನ್, ಹಿಂದೆ ತೆರೆದ ತೊಟ್ಟಿ. ನನ್ನ ಹೆಂಡತಿ ವೀಣಾ ಇದನ್ನು "ನಿಮ್ಮ ಎರಡನೇ ಸಂಸಾರ" ಎನ್ನುತ್ತಾಳೆ. ಆದರೆ ವರ್ಷಕ್ಕೊಂದು ದಿನ ಇದಕ್ಕೆ ರಾಜಮರ್ಯಾದೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಪಟ ಹೊತ್ತು ಸಾಗುವುದು ಇದೇ ಗಾಡಿ. ಬಾಡಿಗೆಗೆ ಹಿಡಿದ ಸಭಾಂಗಣದ ಪಾರ್ಕಿಂಗ್ ಲಾಟಿನಲ್ಲಿ ಒಂದು ಸುತ್ತು, ಅಷ್ಟೇ. ಮುಂದೆ ಡೊಳ್ಳು ಕುಣಿತದ ಹುಡುಗಿಯರು. (ಸೋಮವಾರದಿಂದ ಶುಕ್ರವಾರದವರೆಗೆ ಕೋಡ್ ಬರೆಯುವವರು.) ಅವರಿಗಿಂತ ಮುಂದೆ, ಎಲ್ಲರಿಗಿಂತ ಮುಂದೆ, ಹಳದಿ ಕೆಂಪು ಬಾವುಟ ಹಿಡಿದ ಕುಸುಮಾ ಆಂಟಿ.

ಆಂಟಿ ಹುಬ್ಬಳ್ಳಿಯವರು. ಈ ಊರಿನಲ್ಲಿ ಕನ್ನಡ ಮಾತಾಡುವವರನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲಕ್ಕೆ ಎಂ.ಎಸ್. ಓದಲು ಬಂದವರು. ಆಮೇಲೆ ವಿಮಾನದ ಎಂಜಿನ್ನುಗಳ ಜೊತೆ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಂಘದ ಮೊದಲ ಮೆರವಣಿಗೆಯಲ್ಲಿ ಇದ್ದದ್ದು ಹನ್ನೊಂದು ಜನ, ಒಂದು ಟೇಪ್ ರೆಕಾರ್ಡರ್. ಅವತ್ತೂ ಬಾವುಟ ಆಂಟಿಯ ಕೈಯಲ್ಲೇ ಇತ್ತು. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ.

ಈ ಬೇಸಿಗೆಯಲ್ಲಿ ಆಂಟಿಗೆ ಮಂಡಿಯ ಆಪರೇಶನ್ ಆಯಿತು. ನಡೆಯುವುದು ಆಗದು ಎಂದರು ಡಾಕ್ಟರು. ಒಬ್ಬರು ತಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಕೂರಿಸಿಕೊಂಡು ಬರುತ್ತೇನೆ ಎಂದರು. ಆಂಟಿ ಕೇಳಲೇ ಇಲ್ಲ. "ಕೂತರ ಅಡ್ಡಿ ಇಲ್ಲ. ಆದ್ರ ಬಾವುಟ ನಾನ ಹಿಡೀಬೇಕು. ಗಾಜಿನ ಹಿಂದ ಕೂತು ಕೈ ಬೀಸೂದು ನನ್ನ ಕಡೆ ಆಗೂದಿಲ್ಲ."

ನಾನು ಎದೆ ಉಬ್ಬಿಸಿ ಹೇಳಿದೆ: "ಆಂಟಿ, ನಮ್ಮ ಟ್ರಕ್ ಇದೆಯಲ್ಲ! ಹಿಂದೆ ಕುರ್ಚಿ ಕಟ್ತೀನಿ. ತಾಯಿ ಭುವನೇಶ್ವರಿ ಪಕ್ಕದಲ್ಲೇ ಕೂರಿಸ್ಕೊಂಡು ಹೋಗ್ತೀನಿ."

ಮಾತು ಕೊಟ್ಟ ಮರುವಾರ ಟ್ರಕ್ಕು ಟಕ ಟಕ ಎನ್ನತೊಡಗಿತು.

ಟಕ್ವಿಲಾ ಎಂಬ ಊರಿನಲ್ಲಿ ಗೋದಾಮುಗಳ ಹಿಂದೆ ಒಂದು ಗ್ಯಾರೇಜಿದೆ. ಅಲ್ಲಿಯ ಮೆಕ್ಯಾನಿಕ್ ರೇ ಎಂಜಿನ್ ಬಿಚ್ಚಿ, ಕ್ಯಾಮ್‌ಶಾಫ್ಟ್ ಸವೆದಿದೆ, ಹೊಸದು ಹಾಕಬೇಕು ಎಂದ. ಆಮೇಲೆ ಒಂದು ಪ್ರಶ್ನೆ ಕೇಳಿದ: "ಲೋಬ್ ಸೆಪರೇಶನ್ ಆಂಗಲ್ ಎಷ್ಟಿರಲಿ?"

ನಾನು ಸಾಫ್ಟ್‌ವೇರ್‌ನವನು. ಗೊತ್ತಿಲ್ಲ ಅನ್ನುವ ಪದ ನಮ್ಮ ವೃತ್ತಿಯಲ್ಲಿ ಇಲ್ಲ. ಗಂಭೀರವಾಗಿ ಗಡ್ಡ ನೀವಿಕೊಂಡೆ. ಪಾಪ, ರೇ ಅರ್ಥ ಮಾಡಿಕೊಂಡು ವಿವರಿಸಿದ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಬಾಗಿಲು. ಒಂದರಿಂದ ಗಾಳಿ, ಪೆಟ್ರೋಲು ಒಳಗೆ. ಇನ್ನೊಂದರಿಂದ ಸುಟ್ಟ ಹೊಗೆ ಹೊರಗೆ. ಬಾಗಿಲು ತೆರೆಸುವುದು ಕ್ಯಾಮ್‌ಶಾಫ್ಟ್ ಎಂಬ ದಂಡದ ಮೇಲಿನ ಉಬ್ಬುಗಳು. ಆ ಉಬ್ಬಿನ ಹೆಸರೇ ಲೋಬ್. ಒಳಬಾಗಿಲಿನ ಉಬ್ಬಿನ ನೆತ್ತಿಗೂ ಹೊರಬಾಗಿಲಿನ ಉಬ್ಬಿನ ನೆತ್ತಿಗೂ ನಡುವೆ ಎಷ್ಟು ಡಿಗ್ರಿ ಅಂತರ ಅನ್ನುವುದೇ ಈ ಆಂಗಲ್. ಅಂತರ ಕಡಿಮೆಯಾದರೆ ಎರಡೂ ಬಾಗಿಲು ಒಟ್ಟಿಗೇ ತೆರೆದಿರುವ ಹೊತ್ತು ಹೆಚ್ಚು. ನಿಂತಲ್ಲೇ ಗುಡುಗುಡು ಸದ್ದು. ಅಂತರ ಹೆಚ್ಚಾದರೆ ಆ ಹೊತ್ತು ಕಡಿಮೆ, ಎಂಜಿನ್ ಸಾಧು.

"ನೂರಾ ಆರು, ನೂರೆಂಟು, ನೂರಾ ಹತ್ತು, ನೂರಾ ಹನ್ನೆರಡು, ನೂರಾ ಹದಿನಾಲ್ಕು. ಯೋಚಿಸಿ ಹೇಳು," ಎಂದ ರೇ.

ಯೋಚಿಸಿ ಹೇಳು ಅಂದರೆ ನಾವೇನು ಮಾಡುತ್ತೇವೆ? ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕುತ್ತೇವೆ!

ನಗಬೇಡಿ. ನಮ್ಮ ಗ್ರೂಪಿನಲ್ಲಿ ದೋಸೆ ತವಾದಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲವೂ ಪೋಲಿನಲ್ಲೇ ತೀರ್ಮಾನವಾಗುವುದು. ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಯಿತು. ನೂರೆಂಟು! ಅಷ್ಟೋತ್ತರ ಶತ! ಜಪಮಾಲೆಯ ಮಣಿ! "ತಾಯಿ ಕೂರೋ ಗಾಡಿ, ಬೇರೆ ನಂಬರ್ ಯಾಕೆ ಬೇಕು?" ಎಂದರು ಒಬ್ಬರು. "ಶುಭಸ್ಯ ಶೀಘ್ರಂ," ಎಂದರು ಇನ್ನೊಬ್ಬರು. ನೂರೆಂಟು ಅನ್ನುವುದು ನಮ್ಮೂರಿನಲ್ಲಿ ಆಂಬ್ಯುಲೆನ್ಸ್ ನಂಬರು ಕೂಡ ಹೌದು ಅಂತ ಆಗ ಒಬ್ಬರಿಗೂ ನೆನಪಾಗಲಿಲ್ಲ.

ಸಂಜೆ ಫಲಿತಾಂಶ: ನೂರೆಂಟಕ್ಕೆ ಅರವತ್ತೊಂದು ವೋಟು. ನೂರಾ ಹನ್ನೆರಡಕ್ಕೆ ಒಂದು. ಉಳಿದವಕ್ಕೆ ಸೊನ್ನೆ.

ಆ ಒಂದು ವೋಟು ಕುಸುಮಾ ಆಂಟಿಯದು. "ಆಂಟಿ, ನಿಮ್ಮ ಬೆರಳು ತಪ್ಪಿ ಕೆಳಗೆ ಬಿದ್ದಿದೆ, ನೂರೆಂಟು ಮೇಲಿಂದ ಎರಡನೇದು," ಎಂದು ಯಾರೋ ಪ್ರೀತಿಯಿಂದ ತಿದ್ದಿದರು. ಆಂಟಿ ಉತ್ತರವಾಗಿ ಎರಡು ಕೈ ಮುಗಿದ ಚಿತ್ರ ಕಳಿಸಿದರು. ಒಪ್ಪಿಕೊಂಡರು ಅಂತ ನಾವೆಲ್ಲ ಅಂದುಕೊಂಡೆವು.

ರೇಗೆ ಫೋನ್ ಮಾಡಿ ನೂರೆಂಟು ಎಂದೆ. ಗುಡುಗು ಚೆನ್ನಾಗಿ ಬರಲಿ, ಬಾಗಿಲು ಹೆಚ್ಚು ಹೊತ್ತು ತೆರೆದಿರುವ ಜೋರಿನ ಕ್ಯಾಮನ್ನೇ ಹಾಕು ಎಂದೂ ಸೇರಿಸಿದೆ. "ಪವರ್ ಬ್ರೇಕ್ ಇರೋ ಗಾಡಿ ಇದು. ಶ್ಯೂರ್ ಇದ್ದೀಯಾ? ನೂರೆಂಟೇ ಯಾಕೆ?" ಎಂದು ಕೇಳಿದ.

"ಇಟ್ಸ್ ಎ ರಿಲಿಜಿಯಸ್ ಥಿಂಗ್," ಎಂದೆ.

ಈ ದೇಶದಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಬಾಯಿ ಮುಚ್ಚಿಸಲು ಇಷ್ಟು ಸಾಕು. ರೇ "ಓಕೆ, ಐ ರೆಸ್ಪೆಕ್ಟ್ ದಟ್" ಎಂದು ನೂರೆಂಟು ಹಾಕಿದ.

ಆಹಾ, ಸದ್ದು! ಸಿಗ್ನಲ್ಲಿನಲ್ಲಿ ನಿಂತರೆ ಗುಡು... ಗುಡುಗುಡು... ಗುಡು ಅಂತ ಇಡೀ ಗಾಡಿ ಡೊಳ್ಳು ಬಾರಿಸುತ್ತಿತ್ತು. ಫ್ಯಾಕ್ಟೋರಿಯಾದಲ್ಲಿರುವ ನನ್ನ ಆಫೀಸಿನ ಪಾರ್ಕಿಂಗ್‌ನಲ್ಲಿ ಹುಡುಗರು ಸುತ್ತ ನಿಂತು ವಿಡಿಯೊ ತೆಗೆದರು. ನಾನು ಗ್ರೂಪಿಗೆ ಹಾಕಿದ ವಿಡಿಯೊಗೆ ಬೆಂಕಿಯ ಚಿತ್ರಗಳ ಸುರಿಮಳೆ. ನನ್ನ ಮಗಳು ಅದಿತಿಗೆ ಹದಿನಾರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಹೇಗಿದೆ ಪುಟ್ಟಾ ಸೌಂಡು?" ಅಂದೆ. "ಅಪ್ಪಾ, ಇಟ್ ಸೌಂಡ್ಸ್ ಸಿಕ್," ಅಂದಳು. ಅದು ಹೊಗಳಿಕೆಯಂತೆ. ನನಗೂ ಹಾಗೇ ಬೇಕಿತ್ತು, ನಂಬಿದೆ.

ಫ್ರೀವೇಯಲ್ಲಿ ಟ್ರಕ್ಕು ಚೆನ್ನಾಗಿ ಎಳೆಯುತ್ತಿತ್ತು, ನಿಜ. ಆದರೆ ಆಗಾಗ ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿತ್ತು. ಟ್ರಾಫಿಕ್ಕಿನಲ್ಲಿ ತೆವಳುವಾಗ ಬ್ರೇಕು ಸ್ವಲ್ಪ ಗಟ್ಟಿ ಅನಿಸುತ್ತಿತ್ತು. ಕಾಲಿಗೆ ವಯಸ್ಸಾಯಿತು ಅಂದುಕೊಂಡು ಸಂಜೆ ವಾಕಿಂಗ್ ಶುರುಮಾಡಿದೆ. ಅರವತ್ತೊಂದು ಜನ ತಪ್ಪಿರಲು ಸಾಧ್ಯವೇ?

ಹಬ್ಬಕ್ಕೆ ಮೂರು ವಾರ ಇರುವಾಗ ಆಂಟಿ ಫೋನ್ ಮಾಡಿದರು. "ಮೆರವಣಿಗಿ ದಿನಾನ ಮೊದಲನೇ ಸಲ ಹತ್ತೂದೇನು? ಒಂದು ಟ್ರಯಲ್ ಬ್ಯಾಡೇನು?" ಎಂಜಿನಿಯರ್ ಅಲ್ಲವೇ. ಶನಿವಾರ ಬೆಳಿಗ್ಗೆ ಬಂದರು. ಡೊಳ್ಳಿನವರು ನಡೆಯುವ ವೇಗದಲ್ಲೇ ಓಡಿಸು ಎಂದರು. ಓಡಿಸಿದೆ. ಆಮೇಲಿನದು ನಿಮಗೆ ಗೊತ್ತು, ಎದುರುಮನೆಯ ಡಬ್ಬಕ್ಕೂ ಗೊತ್ತು.

ಬಿದ್ದ ಕ್ಯಾನು ಆರಿಸಿ ಬಂದು ನೋಡಿದರೆ ಆಂಟಿ ಕಿಟಕಿಯ ಗಾಜು ಇಳಿಸಿಕೊಂಡು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳುತ್ತಿದ್ದಾರೆ. ಸಂಗೀತ ಕಚೇರಿಯಲ್ಲಿ ಕೂತ ಹಾಗೆ.

"ಆಂಗಲ್ ಎಷ್ಟ ಹಾಕ್ಸೀದಿ?"

"ನೂರೆಂಟು, ಆಂಟಿ."

"ನಾ ನೂರಾ ಹನ್ನೆರಡಕ್ಕ ವೋಟ್ ಹಾಕಿದ್ದೆ."

"ಅಯ್ಯೋ, ನಿಮ್ಮ ಬೆರಳು ತಪ್ಪಿತು ಅಂತ..."

"ನನ್ನ ಬೆರಳು ಇನ್ನೂ ತಪ್ಪಂಗಿಲ್ಲೋ. ಮಂಡಿ ಅಷ್ಟ ತಪ್ಪೇದ."

ನಾಚಿಕೆಯಾಯಿತು. ಸುಮ್ಮನೆ ಹೇಳುತ್ತಿಲ್ಲ, ಕಿವಿ ಬಿಸಿಯಾಯಿತು. ಜೀವನಪೂರ್ತಿ ಎಂಜಿನ್ನಿನ ಜೊತೆ ಸಂಸಾರ ಮಾಡಿದ ಮನುಷ್ಯ ನಮ್ಮ ನಡುವೆಯೇ ಕೂತಿದ್ದರು. ನಾವು ಅವರಿಗೆ ಬಟನ್ ಎಲ್ಲಿದೆ ಅಂತ ಪಾಠ ಹೇಳಿದ್ದೆವು.

"ಮತ್ತೆ ನೀವು ಯಾಕೆ ಹೇಳಲಿಲ್ಲ ಆಂಟಿ?"

"ನೀ ಎಲ್ಲೆ ಕೇಳೀದಿ? ನೀ ಪೋಲ್ ಹಾಕೀದಿ. ಪೋಲಿನಾಗ ಕಾರಣ ಬರೀಲಿಕ್ಕೆ ಜಾಗಾ ಎಲ್ಲೆ ಅದ? ಮತ್ತ ಒಂದು ವೋಟು ನನಗೇನ ಹೊಸಾದಲ್ಲ ಬಿಡು. ಆಫೀಸಿನ ಮೀಟಿಂಗಿನಾಗ ಸೀರಿ ಉಟ್ಟಾಕಿ ನಾನೊಬ್ಬಾಕೀನ ಇದ್ದೆ. ಭಾಳ ಸಲ ಒಂದು ವೋಟು ನಂದ ಇರತಿತ್ತು."

ವೀಣಾ ಒಳಗೆ ಕರೆದು ಕಾಫಿ ಕೊಟ್ಟಳು. ಆಂಟಿ ಹಾಲಿನ ಬಿಲ್ಲಿನ ಹಿಂದೆ ಚಿತ್ರ ಬರೆದು ನನಗೆ ಪಾಠ ಮಾಡಿದರು. ಅವರ ಮಾತಿನಲ್ಲೇ ಕೇಳಿ:

"ಹುಬ್ಬಳ್ಳಿ ಸಿಟಿ ಬಸ್ ನೆನಸ್ಕೋ. ಹಿಂದಿನ ಬಾಗಲಿಂದ ಹತ್ತೂದು, ಮುಂದಿನ ಬಾಗಲಿಂದ ಇಳಿಯೂದು. ಮಂದಿ ಗಡಿಬಿಡಿಲೆ ಇಳೀಲಿಕ್ಕತ್ತಿದ್ರ, ಅವರು ಖಾಲಿ ಮಾಡಿದ ಜಾಗಾಕ್ಕ ಹಿಂದಿನವರು ಸರ್ ಅಂತ ಒಳಗ ಬರ್ತಾರ. ಎರಡೂ ಬಾಗಲಾ ಒಮ್ಮೆಲೆ ತೆರೆದಿದ್ರ ಆವಾಗ ಛಲೋನ. ಅದು ಎಂಜಿನ್ ಜೋರಾಗಿ ತಿರಗೂ ಹೊತ್ತು. ಯಾರಿಗೂ ಗಡಿಬಿಡಿ ಇಲ್ಲದಾಗ? ಇಳಿಯೂ ಮಂದಿ ಬಾಗಲದಾಗ ನಿಂತು ಹರಟಿ ಹೊಡೀತಾರ. ಸೀಟ್ ಖಾಲಿ ಆತಂತ ಹೊಳ್ಳಿ ಬರ್ತಾರ. ಹೊಸಬರು ಹೊರಗ ಉಳೀತಾರ. ಸುಟ್ಟ ಹೊಗಿ ಹಂಗ ಒಳಗ ಹೊಳ್ಳಿ ಬಂದು ಹೊಸಾ ಗಾಳಿ ಕೆಡಸ್ತದ. ಅದಕ್ಕ ನಿನ್ನ ಗಾಡಿ ನಿಂತಲ್ಲೆ ನಡಗತದ. ನೀವು ಅದಕ್ಕ ಸೌಂಡ್ ಸೌಂಡ್ ಅಂತ ಕುಣೀತೀರಿ."

"ಸರಿ ಆಂಟಿ. ಬ್ರೇಕಿಗೂ ಇದಕ್ಕೂ ಏನು ಸಂಬಂಧ?"

ಸಂಬಂಧ ಇದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಅದರ ಕೊಳವೆಯಲ್ಲಿ ಒಂದು ಹೀರುವ ಶಕ್ತಿ ಹುಟ್ಟುತ್ತದೆ. ಅದೇ ವ್ಯಾಕ್ಯೂಮ್. ಪವರ್ ಬ್ರೇಕು ಆ ಶಕ್ತಿಯನ್ನು ಕಡ ತಂದು ನಮ್ಮ ಕಾಲಿಗೆ ಬಲ ಕೊಡುವುದು. ಎರಡೂ ಬಾಗಿಲು ಒಟ್ಟಿಗೆ ಹೆಚ್ಚು ಹೊತ್ತು ತೆರೆದಿದ್ದರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಆ ಹೀರುವ ಶಕ್ತಿ ಕುಸಿಯುತ್ತದೆ. ಮೊದಲ ನಾಲ್ಕೈದು ಸಲ ಕೂಡಿಟ್ಟಿದ್ದು ಕೈ ಹಿಡಿಯುತ್ತದೆ. ಅದು ಮುಗಿದ ಮೇಲೆ ಕಡಪಾ ಕಲ್ಲು.

"ನೂರೆಂಟು ಕೆಟ್ಟದ್ದಂತ ಅಲ್ಲ," ಎಂದರು ಆಂಟಿ. "ಸೌಮ್ಯ ಕ್ಯಾಮಿಗೆ ನೂರೆಂಟು ಹಾಕಿದ್ರ ನಡೀತಿತ್ತೋ ಏನೋ. ನೀ ಜೋರಿನ ಕ್ಯಾಮ್ ತಗೊಂಡು ಮ್ಯಾಲೆ ನೂರೆಂಟು ಹಾಕ್ಸೀದಿ. ರೇಸಿಗೆ ಹೋಗಾಂವಗ ಸರಿ. ಕ್ಯಾಮ್ ಮಾಡಾವರು ಮೊದಲ ಕೇಳೂದು, ಗಾಡೀಲೆ ಏನ ಮಾಡಾಂವ ಅಂತ. ನೀ ಏನ ಮಾಡಾಂವ?"

"ನಿಮ್ಮನ್ನ ಕೂರಿಸ್ಕೊಂಡು ಮೂರು ಮೈಲಿ ಸ್ಪೀಡಲ್ಲಿ ಹೋಗೋನು."

"ಮುಂದ ಯಾರು ಇರ್ತಾರ?"

ಡೊಳ್ಳಿನ ಹುಡುಗಿಯರು. ವೀಣಾ ಕಪ್ಪು ಕೆಳಗಿಟ್ಟು ಹೇಳಿದಳು: "ಈ ಗಾಡಿ ಹೀಗೇ ಇದ್ರೆ ಹಬ್ಬಕ್ಕೆ ಬರಲ್ಲ. ಮುಗೀತು." ಅವಳದು ಒಂದೇ ವೋಟು. ಆದರೆ ನಮ್ಮ ಮನೆಯಲ್ಲಿ ಅದೇ ಬಹುಮತ.

ಆಂಟಿ ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ಅಷ್ಟು ವರ್ಷ ಎಲ್ಲರಿಗಿಂತ ಮುಂದೆ ನಡೆದವರು, ಈ ಸಲ ಗಾಜಿನ ಹಿಂದೆ ಕೂತು ಕೈ ಬೀಸಬೇಕಾದೀತೇ? ನನಗೆ ತುಂಬ ಸಂಕಟವಾಯಿತು.

ಉಬ್ಬನ್ನು ಸ್ವಲ್ಪ ಅತ್ತಿತ್ತ ತಿರುಗಿಸಿ ಸರಿ ಮಾಡಲು ಆಗದೇ ಎಂದು ಕೇಳಿದೆ. ಆಗದಂತೆ. ಇಡೀ ದಂಡವನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿ ಕೂರಿಸಬಹುದು, ಆದರೆ ಎರಡು ಉಬ್ಬುಗಳ ನಡುವಿನ ಅಂತರ ಕಡೆಯುವಾಗಲೇ ತೀರ್ಮಾನವಾಗಿರುತ್ತದೆ. ಬೇಕಾದರೆ ದಂಡವನ್ನೇ ಬದಲಿಸಬೇಕು.

ಕೂಡಲೇ ಫೋನ್ ಎತ್ತಿಕೊಂಡೆ. ಅಭ್ಯಾಸಬಲ ನೋಡಿ. "ಗ್ರೂಪಲ್ಲಿ ಒಂದು ಮಾತು ಕೇಳಿಬಿಡ್ತೀನಿ, ನೂರಾ ಹನ್ನೆರಡಾ, ನೂರಾ ಹದಿನಾಲ್ಕಾ..."

ಆಂಟಿ ಊರುಗೋಲಿನ ತುದಿಯಿಂದ ನನ್ನ ಫೋನನ್ನು ಮೆಲ್ಲಗೆ ಮೇಜಿಗೆ ಒತ್ತಿದರು. "ಇಡೋ ಅದನ್ನ. ಗಾಡಿ ತಗೀ."

"ಬ್ರೇಕು?"

"ನಿನ್ನ ಹೆಂಡತಿ ಗಾಡಿ ತಗೀ ಅಂದೆ."

ಸೋಮವಾರ ರೇ ಟ್ರಕ್ಕನ್ನು ಎಳೆಸಿಕೊಂಡು ಹೋದ. ಆದರೆ ಅದಕ್ಕೂ ಮೊದಲೇ, ಆ ಶನಿವಾರವೇ, ನಾವು ವೀಣಾಳ ಕಾರಿನಲ್ಲಿ ಟಕ್ವಿಲಾ ತಲುಪಿದೆವು. ರೇ ಮತ್ತು ಆಂಟಿ ಪರಸ್ಪರ ಕೈ ಕುಲುಕಿದರು. ಆಮೇಲೆ ಅರ್ಧ ಗಂಟೆ ನಾನು ಆ ಗ್ಯಾರೇಜಿನಲ್ಲಿ ಇದ್ದೇನೆ ಎನ್ನುವುದನ್ನೇ ಇಬ್ಬರೂ ಮರೆತರು. ರಟ್ಟಿನ ಡಬ್ಬದ ಮೇಲೆ ಗೆರೆ ಎಳೆದರು, ಅಳಿಸಿದರು, ನಕ್ಕರು. ಆಂಟಿ ಗಾಡಿಯ ತೂಕ ಕೇಳಿದರು, ಗೇರಿನ ಲೆಕ್ಕ ಕೇಳಿದರು. ರೇ ಮೊದಲಿಗಿಂತ ಸೌಮ್ಯವಾದ ಕ್ಯಾಮ್ ತೋರಿಸಿದ. ಆಂಟಿ "ವನ್ ಟ್ವೆಲ್ವ್" ಎಂದರು. ರೇ "ಯೆಸ್ ಮ್ಯಾಮ್" ಎಂದ. ಪೋಲೂ ಇಲ್ಲ, ಶ್ಲೋಕವೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ:

"ನೀನು ಮೊದಲೇ ಇವರನ್ನ ಯಾಕೆ ಕರ್ಕೊಂಡು ಬರಲಿಲ್ಲ?"

ಕಾಫಿ ತರುತ್ತೇನೆ ಎಂದು ಹೊರಗೆ ಬಂದೆ.

ಹಬ್ಬದ ದಿನ ಎಂದಿನಂತೆ ಜಿನುಗು ಮಳೆ. ಇಲ್ಲಿಯ ಮಳೆಗೆ ಯಾರೂ ಕೊಡೆ ಹಿಡಿಯುವುದಿಲ್ಲ, ನಾವೂ ಹಿಡಿಯಲಿಲ್ಲ. ಭುವನೇಶ್ವರಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿದ್ದೆವು. ಟ್ರಕ್ಕಿನ ತೊಟ್ಟಿಯಲ್ಲಿ ನಮ್ಮ ಊಟದ ಮೇಜಿನ ಕುರ್ಚಿ, ನಾಲ್ಕೂ ಕಾಲಿಗೆ ಬಿಗಿದ ಪಟ್ಟಿ. ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟು, ಮೇಲೆ ಹೈಕಿಂಗ್ ಜಾಕೆಟ್ ಹಾಕಿದ ಆಂಟಿ. (ಖಾಸಗಿ ಪಾರ್ಕಿಂಗ್ ಲಾಟು, ನಡಿಗೆಯ ವೇಗ. ಪೊಲೀಸ್ ಓದುಗರು ಕ್ಷಮಿಸಬೇಕು.) ಬಾವುಟ ಅವರ ಎರಡೂ ಕೈಯಲ್ಲಿ.

ಎಂಜಿನ್ ಚಾಲೂ ಮಾಡಿದೆ. ಹಸು ಮೆಲುಕು ಹಾಕಿದಷ್ಟೇ ಸದ್ದು. ಬ್ರೇಕಿನ ಮೇಲೆ ಹೆಬ್ಬೆರಳು ಇಟ್ಟರೆ ಸಾಕು, ಗಾಡಿ ನಿಲ್ಲುತ್ತಿತ್ತು. ಬಿಟ್ಟರೆ ಹೊರಡುತ್ತಿತ್ತು. ಡೊಳ್ಳಿನವರು ಹತ್ತು ಸಲ ನಿಂತರು, ನಾನೂ ಹತ್ತು ಸಲ ನಿಂತೆ. ಕನ್ನಡಿಯಲ್ಲಿ ಆಂಟಿಯ ಮುಖ ಕಾಣುತ್ತಿತ್ತು. ಒಂದು ಸಲವೂ ಕುರ್ಚಿ ಅಲುಗಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಮಳೆಯಿರಬೇಕು. ನನ್ನ ಪಕ್ಕ ಕೂತಿದ್ದ ಅದಿತಿ ಹಿಂದೆ ತಿರುಗಿ ನೋಡಿ, "ಅಜ್ಜಿ ಲುಕ್ಸ್ ಲೈಕ್ ಎ ಕ್ವೀನ್," ಅಂದಳು. ನನಗೆ ಖುಷಿ ತಡೆಯಲಾಗಲಿಲ್ಲ, ಹಾರ್ನ್ ಬಾರಿಸಿಬಿಟ್ಟೆ.

ಸುತ್ತು ಮುಗಿದ ಮೇಲೆ ಗ್ರೂಪಿನವರೊಬ್ಬರು ಬೇಸರದಿಂದ ಕೇಳಿದರು: "ಸೌಂಡ್ ಎಲ್ಲಿ ಹೋಯ್ತು ಗುರು? ವಿಡಿಯೊ ಮಾಡೋಣ ಅಂತಿದ್ದೆ."

ಆಂಟಿ ಕುರ್ಚಿಯ ಮೇಲಿಂದಲೇ ಉತ್ತರ ಕೊಟ್ಟರು: "ಸೌಂಡ್ ಡೊಳ್ಳಿನಾಗ ಇರಬೇಕು ತಮ್ಮಾ. ಗಾಡ್ಯಾಗ ಬ್ರೇಕ್ ಇರಬೇಕು."

ಮೊನ್ನೆ ಗ್ರೂಪಿನಲ್ಲಿ ಮತ್ತೊಂದು ಪೋಲ್ ಬಂತು. ಸಂಕ್ರಾಂತಿಯ ಊಟವನ್ನು ಹೊಸ ಹಾಲ್‌ನಲ್ಲಿ ನಾವೇ ಬಿಸಿಬಿಸಿಯಾಗಿ ಮಾಡೋಣವೇ? "ಮಾಡೋಣ" ಎಂದು ನಲವತ್ತೇಳು ಜನ. "ಬೇಡ" ಎಂದು ಒಬ್ಬರು. ಎಲ್ಲರೂ ಆ ಒಬ್ಬರ ಸೋಮಾರಿತನವನ್ನು ಕಿಚಾಯಿಸುತ್ತಿದ್ದರು. ನಾನು ಆ ಒಬ್ಬರಿಗೆ ಫೋನ್ ಮಾಡಿ, ಯಾಕೆ ಬೇಡ ಎಂದು ಕೇಳಿದೆ.

"ಆ ಹಾಲ್ ನಾನು ನೋಡಿದೀನಿ ಸಾರ್," ಎಂದರು. "ಅಲ್ಲಿ ಒಲೆಯೇ ಇಲ್ಲ."

ನಿಮ್ಮ ಗ್ರೂಪಿನಲ್ಲಿ ಆ ಒಂದು ವೋಟು ಯಾರದು? ಫೋನ್ ಮಾಡಿ ಕೇಳಿದ್ದೀರಾ?